ಕೆಟ್ಟ ಸುದ್ದಿ ಬೇಗ ಬರಲಿ

ಕೇಳುಗರಿಗೆ ನಮಸ್ಕಾರ.

ಸಾಫ್ಟ್‌ವೇರ್ ಕಂಪನಿಗಳ ಒಳಗೆ ಒಂದು ಮಾತು ಓಡಾಡುತ್ತದೆ: ಕಲ್ಲಂಗಡಿ ರಿಪೋರ್ಟ್. ಪ್ರಾಜೆಕ್ಟ್ ಮ್ಯಾನೇಜರ್ ವಾರಕ್ಕೊಮ್ಮೆ ಮೇಲಿನವರಿಗೆ ವರದಿ ಕಳಿಸಬೇಕು. ಎಲ್ಲ ಸರಿಯಿದ್ದರೆ ಹಸಿರು, ಅನುಮಾನವಿದ್ದರೆ ಹಳದಿ, ಮುಳುಗುತ್ತಿದ್ದರೆ ಕೆಂಪು. ಹೊರಗೆ ಹಸಿರು, ಕೊಯ್ದರೆ ಒಳಗೆಲ್ಲ ಕೆಂಪು ಇದ್ದರೆ ಅದು ಕಲ್ಲಂಗಡಿ. ಬೆಂಗಳೂರಿನ ಈ ಉದ್ಯಮದಲ್ಲಿ ಇಪ್ಪತ್ತು ವರ್ಷಕ್ಕೂ ಮೀರಿ ದುಡಿದ ನಾನೂ ಅಂಥ ಹಣ್ಣುಗಳನ್ನು ಸಾಕಷ್ಟು ಕಳಿಸಿದ್ದೇನೆ. ಸುಳ್ಳು ಹೇಳುವ ಉದ್ದೇಶ ಇರಲಿಲ್ಲ ಬಿಡಿ. ಕೆಲಸ ನೂರಕ್ಕೆ ತೊಂಬತ್ತು ಮುಗಿದಿದೆ ಎಂದು ನಾವೇ ನಂಬಿರುತ್ತಿದ್ದೆವು. ಉಳಿದ ಹತ್ತಕ್ಕೆ ಮತ್ತೆ ಅಷ್ಟೇ ಕಾಲ ಹಿಡಿಯುತ್ತಿತ್ತು.

ಸಾಫ್ಟ್‌ವೇರ್ ಕಟ್ಟುವ ಹಳೆಯ ಪದ್ಧತಿಯಲ್ಲಿ ಗ್ರಾಹಕರಿಗೆ ಏನೇನು ಬೇಕು ಎಂಬುದನ್ನೆಲ್ಲ ಮೊದಲೇ ಬರೆದು ಸಹಿ ಹಾಕಿಸಬೇಕು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಥೇಟ್ ಹಾಗೆ. ಆಮೇಲೆ ವಿನ್ಯಾಸ, ಆಮೇಲೆ ಕೋಡಿಂಗ್, ಕಟ್ಟಕಡೆಗೆ ಟೆಸ್ಟಿಂಗ್. ಇದಕ್ಕೆ ವಾಟರ್‌ಫಾಲ್, ಅಂದರೆ ಜಲಪಾತ, ಎಂದು ಹೆಸರು. ಜೋಗದಲ್ಲಿ ಕೆಳಗೆ ಬಿದ್ದ ನೀರು ಮತ್ತೆ ಮೇಲೆ ಹತ್ತುವುದುಂಟೆ? ಸೋಜಿಗವೆಂದರೆ, 1970ರಲ್ಲಿ ಈ ಮೆಟ್ಟಿಲುಗಳ ಚಿತ್ರ ಬರೆದ ಅಮೆರಿಕದ ವಿನ್‌ಸ್ಟನ್ ರಾಯ್ಸ್, ಇದನ್ನು ಇದ್ದಹಾಗೇ ಪಾಲಿಸಿದರೆ ಅಪಾಯ ಎಂದು ಅದೇ ಲೇಖನದಲ್ಲಿ ಎಚ್ಚರಿಸಿದ್ದರು. ನಮ್ಮವರು ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡರು, ಪಕ್ಕದಲ್ಲಿದ್ದ ಮಾತನ್ನು ಓದಲಿಲ್ಲ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ 17 ಮಂದಿ ಸಾಫ್ಟ್‌ವೇರ್ ತಜ್ಞರು ಸೇರಿ ಒಂದು ಪುಟ್ಟ ಪ್ರಣಾಳಿಕೆ ಬರೆದರು. ಕೆಲಸವನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಆಗಾಗ ಗ್ರಾಹಕರಿಗೆ ತೋರಿಸಿ, ತಿದ್ದಿಕೊಳ್ಳುತ್ತ ಹೋಗುವ ಪದ್ಧತಿಗೆ ಅಜೈಲ್ ಎಂಬ ಹೆಸರು ನಿಂತದ್ದು ಅಲ್ಲಿ.

ಹೆಸರಿನ ಕಥೆ ಅಷ್ಟು ಸಾಕು. ಹಳೆಯದನ್ನು ಬಿಟ್ಟು ಹೊಸದಕ್ಕೆ ಬರುವಾಗ ನಿಜಕ್ಕೂ ಏನಾಗುತ್ತದೆ ಎನ್ನುವುದಕ್ಕೆ ನನಗೆ ಬಲು ಇಷ್ಟವಾದ ಉದಾಹರಣೆ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನದು. ಅದು ಕಂಪನಿಯಲ್ಲ, ಸರ್ಕಾರಿ ಇಲಾಖೆ. ಹಾಗಾಗಿಯೇ ಅಲ್ಲಿನ ಲೆಕ್ಕಪತ್ರ ಜನರ ಮುಂದಿದೆ. ಕಂಪನಿಗಳು ತಮ್ಮ ಸೋಲನ್ನು ಅಷ್ಟು ವಿವರವಾಗಿ ಯಾರಿಗೂ ತೋರಿಸುವುದಿಲ್ಲ.

ಎಫ್‌ಬಿಐ ತನ್ನ ಪ್ರಕರಣಗಳ ಕಾಗದಪತ್ರವನ್ನೆಲ್ಲ ಕಂಪ್ಯೂಟರಿಗೆ ತರಲು ಮಾಡಿದ ಮೊದಲ ಯತ್ನ 17 ಕೋಟಿ ಡಾಲರ್ ನುಂಗಿ 2005ರಲ್ಲಿ ಕಸದ ಬುಟ್ಟಿ ಸೇರಿತು. ಮರುವರ್ಷ ಸೆಂಟಿನೆಲ್ ಎಂಬ ಹೊಸ ಯೋಜನೆ ಶುರುವಾಯಿತು. ಗುತ್ತಿಗೆ ಲಾಕ್‌ಹೀಡ್ ಮಾರ್ಟಿನ್ ಕಂಪನಿಗೆ. ಒಟ್ಟು ಅಂದಾಜು 42.5 ಕೋಟಿ ಡಾಲರ್, ನಾಲ್ಕು ಹಂತ, 2009ರ ಡಿಸೆಂಬರಿಗೆ ಮುಕ್ತಾಯ. ಎಲ್ಲವೂ ಕಾಗದದ ಮೇಲೆ ಅಚ್ಚುಕಟ್ಟು. 2010ರ ಆಗಸ್ಟ್ ಹೊತ್ತಿಗೆ, ಅಷ್ಟರಲ್ಲಿ 45.1 ಕೋಟಿಗೆ ಏರಿದ್ದ ಬಜೆಟ್ಟಿನಲ್ಲಿ 40.5 ಕೋಟಿ ಖರ್ಚಾಗಿತ್ತು. ಕೈಗೆ ಬಂದದ್ದು ನಾಲ್ಕರಲ್ಲಿ ಎರಡು ಹಂತ. ಹಳೆಯ ದಾರಿಯಲ್ಲೇ ಮುಂದುವರಿದರೆ ಇನ್ನೂ ಆರು ವರ್ಷ, ಕಡಿಮೆಯೆಂದರೂ ಮತ್ತೆ 35.1 ಕೋಟಿ ಬೇಕು ಎಂದು, ಸರ್ಕಾರಕ್ಕೆ ತಾಂತ್ರಿಕ ಸಲಹೆ ಕೊಡುವ ಮೈಟರ್ ಸಂಸ್ಥೆ ಲೆಕ್ಕ ಹಾಕಿ ಹೇಳಿತು.

ಆ ವರ್ಷದ ಶರತ್ಕಾಲದಲ್ಲಿ ಎಫ್‌ಬಿಐ ಕೆಲಸವನ್ನು ತನ್ನ ಕೈಗೆ ತೆಗೆದುಕೊಂಡು, ಅಜೈಲಿಗೆ ತಿರುಗಿ, ತಂಡವನ್ನು ಬಹಳ ಚಿಕ್ಕದು ಮಾಡಿತು. ದಪ್ಪ ದಪ್ಪ ದಾಖಲೆಗಳಲ್ಲಿದ್ದ ಬೇಡಿಕೆಗಳನ್ನೆಲ್ಲ ಬಿಡಿಸಿ ಸುಮಾರು 670 ಚಿಕ್ಕ ಚಿಕ್ಕ ಯೂಸರ್ ಸ್ಟೋರಿಗಳಾಗಿ ಬರೆದುಕೊಂಡರು. ಏಜೆಂಟ್ ಒಬ್ಬನಿಗೆ ಇಂಥ ಕೆಲಸ ಆಗಬೇಕು, ಇಂಥ ಕಾರಣಕ್ಕೆ, ಎಂಬಂಥ ಒಂದೆರಡು ಸಾಲು ಅಷ್ಟೆ. ಎರಡು ವಾರಕ್ಕೊಂದು ಸ್ಪ್ರಿಂಟ್, ಅಂದರೆ ಕೆಲಸದ ಒಂದು ಸುತ್ತು. ಪ್ರತಿ ಸ್ಪ್ರಿಂಟಿನ ಕೊನೆಗೆ ಮಾಡಿದ್ದನ್ನು ತೋರಿಸಲೇಬೇಕು. ಸ್ಲೈಡುಗಳನ್ನಲ್ಲ, ಓಡುವ ಪ್ರೋಗ್ರಾಮನ್ನು.

ಇಲ್ಲಿಗೆ ಕಥೆ ಸುಖಾಂತವಾಯಿತು ಎಂದು ಅನೇಕ ತರಬೇತುದಾರರು ನಿಲ್ಲಿಸಿಬಿಡುತ್ತಾರೆ. ಆದರೆ 2011ರ ಸೆಪ್ಟೆಂಬರಿಗೆ ಮುಗಿಸುತ್ತೇವೆ ಎಂದ ಅಜೈಲ್ ತಂಡವೂ ಮುಗಿಸಲಿಲ್ಲ. ಅಕ್ಟೋಬರಿನಲ್ಲಿ 743 ಮಂದಿಯನ್ನು ಕೂರಿಸಿ ವ್ಯವಸ್ಥೆಯನ್ನು ಬಳಸಿ ನೋಡಿದರು. ಅದು ಎರಡು ಸಲ ಕುಸಿದು ಕೂತಿತು. ಹಳೆಯ ಯಂತ್ರಗಳಿಗೆ ಆ ಭಾರ ಹೊರುವ ಶಕ್ತಿ ಇರಲಿಲ್ಲ. ಹೊಸ ಯಂತ್ರಗಳು ಬಂದು, ಎಲ್ಲ ನೌಕರರ ಕೈಗೆ ಸೆಂಟಿನೆಲ್ ಸಿಕ್ಕಿದ್ದು 2012ರ ಜುಲೈನಲ್ಲಿ.

ನನಗೆ ಈ ಕಥೆಯಲ್ಲಿ ಹಿಡಿಸುವುದು ಆ ಎರಡು ಕುಸಿತಗಳೇ. ಮೊದಲ ಯೋಜನೆಯಲ್ಲಿ ಕೆಟ್ಟ ಸುದ್ದಿ ಬರುವಷ್ಟರಲ್ಲಿ ಹಣ ಮುಗಿದಿತ್ತು. ಈ ಸಲ ದೇಶದ ಎಲ್ಲ ಕಚೇರಿಗಳೂ ಅದನ್ನೇ ನಂಬಿ ಕೂರುವ ಮೊದಲೇ, ಪರೀಕ್ಷೆಯ ದಿನ ಬಂತು. ತಡವೇನೋ ಆಯಿತು, ಆದರೆ ಎಲ್ಲಿ, ಏಕೆ ತಡ ಎಂಬುದು ಎಲ್ಲರಿಗೂ ಗೊತ್ತಿತ್ತು. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಚುಕಿ ನೋಡುತ್ತಾರೆ ನಮ್ಮ ಮನೆಗಳಲ್ಲಿ. ಸಾಫ್ಟ್‌ವೇರಿನಲ್ಲಿ ಒಂದು ಅಗುಳು ಸಾಲದು, ಎರಡು ವಾರಕ್ಕೊಂದು ಹಿಚುಕುತ್ತಲೇ ಇರಬೇಕು.

ಇನ್ನು ಕಂಪನಿಯ ಉದಾಹರಣೆಯೇ ಬೇಕೆಂದರೆ ಅಮೆರಿಕದ ಸಾಫ್ಟ್‌ವೇರ್ ಕಂಪನಿ ಸೇಲ್ಸ್‌ಫೋರ್ಸ್ ಇದೆ. 1999ರಲ್ಲಿ ಹುಟ್ಟಿದಾಗ ಮೂವರೇ ಪ್ರೋಗ್ರಾಮರ್‌ಗಳು ವರ್ಷಕ್ಕೆ ನಾಲ್ಕು ರಿಲೀಸ್, ಅಂದರೆ ಹೊಸ ಆವೃತ್ತಿ, ಕೊಡುತ್ತಿದ್ದರು. ಏಳು ವರ್ಷ ಕಳೆದು ಸಾಫ್ಟ್‌ವೇರ್ ಕಟ್ಟುವ ವಿಭಾಗದ ಜನ ಇನ್ನೂರಾದಾಗ ವರ್ಷಕ್ಕೆ ಒಂದು ರಿಲೀಸಿಗೂ ತಿಣುಕಾಟ. 2006ರ ಕೊನೆಯಲ್ಲಿ ಅವರು ಮೂರೇ ತಿಂಗಳಲ್ಲಿ ಇಡೀ ವಿಭಾಗವನ್ನು ಒಟ್ಟಿಗೆ ಹೊಸ ಪದ್ಧತಿಗೆ ತಿರುಗಿಸಿದರು. ಒಂದೊಂದೇ ತಂಡವನ್ನು ಬದಲಿಸುವುದು ಸುರಕ್ಷಿತ ಎನಿಸುತ್ತದೆ. ಆದರೆ ಒಂದು ತಂಡ ಎರಡು ವಾರಕ್ಕೊಮ್ಮೆ ಓಡುತ್ತ, ಅದಕ್ಕೆ ಬೇಕಾದ ಭಾಗ ಕೊಡಬೇಕಾದ ಪಕ್ಕದ ತಂಡ ಆರು ತಿಂಗಳಿಗೊಮ್ಮೆ ಏಳುತ್ತ ಇದ್ದರೆ, ಎತ್ತು ಏರಿಗೆ ಕೋಣ ನೀರಿಗೆ. ಇನ್ನೊಂದು ಮಾತು: ಅವರ ಬಳಿ ತಾನಾಗಿಯೇ ನಡೆಯುವ ಟೆಸ್ಟುಗಳು ಮೊದಲೇ ಬೇಕಾದಷ್ಟು ಇದ್ದವು. ಅದಿಲ್ಲದೆ ಹಾಗೆ ಧುಮುಕಿದವರು ಪ್ರತಿ ಎರಡು ವಾರಕ್ಕೂ ಹಳೆಯದನ್ನೆಲ್ಲ ಕೈಯಾರೆ ಪರೀಕ್ಷಿಸುತ್ತ ಸುಸ್ತಾಗುವುದನ್ನು ನಾನೇ ಕಂಡಿದ್ದೇನೆ.

ನಮ್ಮೂರಿನ ಕಷ್ಟ ಬೇರೆಯದು. ಇಲ್ಲಿ ಎಷ್ಟೋ ಕೆಲಸ ಫಿಕ್ಸ್‌ಡ್ ಬಿಡ್: ಇಷ್ಟು ಕೆಲಸ, ಇಷ್ಟು ದಿನ, ಇಷ್ಟು ಹಣ ಎಂದು ಒಪ್ಪಂದದಲ್ಲೇ ಬರೆದಾಗಿರುತ್ತದೆ. ಬದಲಾವಣೆಗೆ ಸ್ವಾಗತ ಎಂದು ಗೋಡೆಯ ಮೇಲೆ ಬರೆದುಕೊಂಡು, ಒಂದು ಬಟನ್ ಜಾಗ ಬದಲಿಸಿದರೂ ಚೇಂಜ್ ರಿಕ್ವೆಸ್ಟಿಗೆ ಬಿಲ್ ಕಳಿಸಿದರೆ ಅದೆಂಥ ಅಜೈಲ್? ಹಾಗಾಗಿ ಉಳಿಯುವುದು ಆಚರಣೆ ಮಾತ್ರ. ತಂಡ ದಿನಕ್ಕೊಮ್ಮೆ ನಿಂತೇ ಮಾತಾಡಿ ಮುಗಿಸಬೇಕಾದ ಹದಿನೈದು ನಿಮಿಷದ ಸ್ಟ್ಯಾಂಡಪ್ ಶಾಲೆಯ ಹಾಜರಿಯಾಗುತ್ತದೆ. ಅಮೆರಿಕದವರ ಬೆಳಗು ನಮ್ಮ ಸಂಜೆಯಾದ್ದರಿಂದ ಅದೂ ಊಟದ ಹೊತ್ತಿಗೆ. ಕೆಲಸದ ಗಾತ್ರ ಅಂದಾಜಿಸಲು ಇರುವ ಸ್ಟೋರಿ ಪಾಯಿಂಟು ಪರೀಕ್ಷೆಯ ಅಂಕವಾಗುತ್ತದೆ. ಆ ತಂಡ ನಲವತ್ತು ಮಾಡಿತು, ನೀವೇಕೆ ಮೂವತ್ತು ಎಂದು ಕೇಳಿದ ಮರುದಿನವೇ ನಮ್ಮ ಹುಡುಗರು ಮೂರರ ಕೆಲಸಕ್ಕೆ ಐದು ಬರೆಯಲು ಕಲಿತರು. ಕಲ್ಲಂಗಡಿ ಮತ್ತೆ ಹಾಜರ್.

ಈ ಬದಲಾವಣೆಯಲ್ಲಿ ಹೆಚ್ಚು ಪೆಟ್ಟು ತಿನ್ನುವವರು ಪ್ರೋಗ್ರಾಮರ್‌ಗಳಲ್ಲ, ಮಧ್ಯದ ಮ್ಯಾನೇಜರ್‌ಗಳು. ಅಜೈಲಿನ ಒಂದು ಬಗೆಯಾದ ಸ್ಕ್ರಮ್ ಪದ್ಧತಿಯಲ್ಲಿ ಯಾವುದು ಮೊದಲು ಬೇಕೆಂದು ಹೇಳುವ ಪ್ರಾಡಕ್ಟ್ ಓನರ್ ಇದ್ದಾರೆ, ಪದ್ಧತಿ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವ ಸ್ಕ್ರಮ್ ಮಾಸ್ಟರ್ ಇದ್ದಾರೆ, ತಂಡ ಇದೆ. ಪ್ರಾಜೆಕ್ಟ್ ಮ್ಯಾನೇಜರ್ ಎಂಬ ಕುರ್ಚಿಯೇ ಇಲ್ಲ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಹಿರಿಯರೊಬ್ಬರಿದ್ದರು. ಮುನ್ನೂರು ಸಾಲಿನ ಎಕ್ಸೆಲ್ ಶೀಟಿನಲ್ಲಿ ಇಡೀ ಯೋಜನೆಯನ್ನು ದಿನಾಂಕ ಸಮೇತ ಕಟ್ಟಿಡುವುದರಲ್ಲಿ ಎತ್ತಿದ ಕೈ. ನಾವು ಅಜೈಲಿಗೆ ತಿರುಗಿದ ಮೇಲೂ ಅವರು ಪ್ರತಿ ಶುಕ್ರವಾರ ಸಂಜೆ ಒಬ್ಬರೇ ಕೂತು ಆ ಶೀಟನ್ನು ತಿದ್ದುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ. ಒಂದು ದಿನ ಕುತೂಹಲಕ್ಕೆ ತೆರೆದು ನೋಡಿದೆ. ಹಸಿರು, ಹಳದಿ, ಕೆಂಪು, ಎಲ್ಲ ಇದ್ದಂತೆಯೇ ಇತ್ತು. ಓದುವವರು ಯಾರೂ ಇಲ್ಲದ ಮೇಲೆ ಅವರು ನಿಜ ಬರೆಯತೊಡಗಿದ್ದರು.

ನಮಸ್ಕಾರ.