ಹಳೇ ಸಿಸ್ಟಮ್ ಗುಜರಿಗೆ ಹಾಕುವ ಮುನ್ನ: ಬಳ್ಳಾರಿಯ ಅಂಗಡಿಗಳಿಗೆ ಲಿನಕ್ಸೋ, ವಿಂಡೋಸೋ?

ಎಲ್ಲರಿಗೂ ನಮಸ್ಕಾರ.

ಇಲ್ಲಿ ಡಿಟಿಪಿ ಅಂಗಡಿಯವರಿದ್ದೀರಿ, ಝೆರಾಕ್ಸ್ ಇಟ್ಟವರಿದ್ದೀರಿ, ಜೀನ್ಸ್ ಘಟಕಗಳ ಲೆಕ್ಕ ನೋಡುವವರಿದ್ದೀರಿ. ಎಲ್ಲರ ಮುಂದೆ ಈಗ ಇರುವ ಪ್ರಶ್ನೆ ಒಂದೇ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಸುಮಾರಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ನಿಮ್ಮ ನಾಲ್ಕನೇ ತಲೆಮಾರಿನ ಐ3 ಕೆಟ್ಟಿಲ್ಲ, ಪಟ್ಟಿಯಿಂದ ಹೊರಬಿದ್ದಿದೆ ಅಷ್ಟೇ.

ಇನ್ನೊಂದು ದಾರಿ ಲಿನಕ್ಸ್, ವಿಂಡೋಸ್‌ನ ಜಾಗದಲ್ಲಿ ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್. ಲಿನಕ್ಸ್ ಒಳ್ಳೆಯದೋ ವಿಂಡೋಸ್ ಒಳ್ಳೆಯದೋ ಎಂಬ ಜಗಳ ಇವತ್ತು ಬೇಡ. ಲಿನಕ್ಸ್‌ಗೆ ಬಂದವರು ವಾಪಸ್ ಹೋಗುವುದು ಲಿನಕ್ಸ್ ಸರಿಯಿಲ್ಲ ಅಂತಲ್ಲ. ಒಂದು ಸಾಫ್ಟ್‌ವೇರ್, ಒಂದು ಪ್ರಿಂಟರ್ ಅಥವಾ ಒಂದು ಫಾಂಟ್ ಅವರನ್ನು ಎಳೆದುಕೊಂಡು ಹೋಗುತ್ತದೆ. ನಿಮ್ಮನ್ನು ಕಟ್ಟಿಹಾಕಿರುವ ಹಗ್ಗ ಯಾವುದು ಅಂತ ಮೊದಲು ನೋಡಿಕೊಳ್ಳಿ.

ಟ್ಯಾಲಿಯಿಂದ ಶುರು ಮಾಡೋಣ. ಟ್ಯಾಲಿಪ್ರೈಮ್ ಬರುವುದು ವಿಂಡೋಸ್‌ಗೆ ಮಾತ್ರ. ವಿಂಡೋಸ್ ಸಾಫ್ಟ್‌ವೇರನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ಹಾಕಿ ಓಡಿಸುತ್ತೇವೆ ಅನ್ನುವವರು ಸಿಗುತ್ತಾರೆ. ಲೈಸೆನ್ಸ್, ಪ್ರಿಂಟಿಂಗ್ ಎಲ್ಲಿ ಕೈಕೊಡುತ್ತದೋ ಹೇಳಲಾಗದು, ವರ್ಷದ ಲೆಕ್ಕವನ್ನು ಅದರ ಮೇಲೆ ಇಡಬೇಡಿ. ಅಂಗಡಿಯಲ್ಲಿ ನಾಲ್ಕು ಸಿಸ್ಟಮ್ ಇದ್ದರೆ ಟ್ಯಾಲಿಯದ್ದು ವಿಂಡೋಸ್‌ನಲ್ಲೇ ಇರಲಿ. ಜಿಎಸ್‌ಟಿ ಪೋರ್ಟಲ್ ಬ್ರೌಸರ್ ಕೆಲಸ, ಫೈರ್‌ಫಾಕ್ಸ್ ಸಾಕು. ಒಂಟಿ ಮಾಲೀಕರು ಓಟಿಪಿಯಲ್ಲೇ ರಿಟರ್ನ್ ಮುಗಿಸಬಹುದು. ಕಂಪನಿಗಳಿಗೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬೇಕು, ಅದನ್ನೂ ಆ ವಿಂಡೋಸ್ ಯಂತ್ರದಲ್ಲೇ ಇಟ್ಟುಕೊಳ್ಳಿ.

ಫ್ಲೆಕ್ಸ್ ಅಂಗಡಿಯವರ ಕೋರಲ್‌ಡ್ರಾ ಮಾತೂ ಇದೇ. ಲಿನಕ್ಸ್‌ನಲ್ಲಿ ಡಿಸೈನ್ ಮಾಡುವ ಇಂಕ್‌ಸ್ಕೇಪ್ ಶಕ್ತಿವಂತ, ಆದರೆ ಹತ್ತು ವರ್ಷದ ಕೋರಲ್‌ಡ್ರಾ (ಸಿಡಿಆರ್) ಫೈಲುಗಳು ಅದರಲ್ಲಿ ಇದ್ದಂತೆಯೇ ತೆರೆಯುವುದಿಲ್ಲ. ಎಂಬ್ರಾಯ್ಡರಿಯವರು ಮಾತ್ರ ಇಂಕ್‌ಸ್ಕೇಪ್‌ಗೆ ಸೇರಿಸಿಕೊಳ್ಳುವ ಇಂಕ್‌ಸ್ಟಿಚ್ ನೋಡಲೇಬೇಕು. ಜೇಬಿನ ಮೇಲಿನ ಡಿಸೈನನ್ನು ಹೊಲಿಗೆಯಾಗಿ ಬದಲಿಸಿ, ಯಂತ್ರ ಓದುವ ಡಿಎಸ್‌ಟಿ ಫೈಲನ್ನೇ ಕೊಡುತ್ತದೆ. ಕಾಸು ಬೇಕಿಲ್ಲ.

ಇನ್ನು ಕನ್ನಡ. ಹೆಚ್ಚು ಜನ ಎಡವುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ನೋಡೋಣ. ಕನ್ನಡ ಟೈಪಿಂಗಿನ ನುಡಿ ಸಾಫ್ಟ್‌ವೇರಿನ ಹಳೇ ಫೈಲಿನ ಒಳಗೆ ನಿಜಕ್ಕೂ ಕನ್ನಡ ಇರುವುದಿಲ್ಲ, ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳ ಅಕ್ಷರಗಳ ಸಂಕೇತಗಳಿರುತ್ತವೆ. ನುಡಿ ಫಾಂಟ್ ಅವುಗಳ ಮೇಲೆ ಕನ್ನಡದ ವೇಷ ಹಾಕುತ್ತದೆ. ಫಾಂಟ್ ಇಲ್ಲದ ಯಂತ್ರದಲ್ಲಿ ವೇಷ ಕಳಚಿ, ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಸಂತೆ ಕಾಣುತ್ತದೆ. ಫೈಲ್ ಹಾಳಾಗಿಲ್ಲ, ಗಾಬರಿ ಬೇಡ. ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ನುಡಿಯ ಟಿಟಿಎಫ್ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಲಿನಕ್ಸ್‌ನಲ್ಲಿ ತೆರೆದು ಇನ್‌ಸ್ಟಾಲ್ ಒತ್ತಿ, ಲಿನಕ್ಸ್‌ನಲ್ಲಿ ವರ್ಡ್‌ನ ಕೆಲಸ ಮಾಡುವ ಲಿಬ್ರೆಆಫೀಸ್ ಮುಚ್ಚಿ ಮತ್ತೆ ತೆರೆಯಿರಿ. ಹಳೇ ಪತ್ರ ಓದಲು, ಪ್ರಿಂಟ್ ಕೊಡಲು ಇಷ್ಟು ಸಾಕು.

ಹೊಸದನ್ನು ಮಾತ್ರ ಯುನಿಕೋಡ್‌ನಲ್ಲೇ ಟೈಪ್ ಮಾಡಿ, ಅದರಲ್ಲಿ ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತಗಳಿವೆ. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಟೈಪಿಂಗ್ ಸಾಧನವಾದ ಐಬಸ್ ಎಂ17ಎನ್ ಹುಡುಕಿ ಹಾಕಿ, ಲಾಗ್ ಔಟ್ ಆಗಿ ಬನ್ನಿ, ಐಬಸ್ ಪ್ರಾಶಸ್ತ್ಯಗಳಲ್ಲಿ ಕನ್ನಡದ ಕೆಳಗೆ ಕೆಜಿಪಿ ಆರಿಸಿ. ಲಾಗ್ ಔಟ್ ಮರೆತವರಿಗೆ ಪಟ್ಟಿಯಲ್ಲಿ ಕನ್ನಡವೇ ಕಾಣುವುದಿಲ್ಲ. ಕೆಜಿಪಿ ಅಂದರೆ ಕನ್ನಡ ಗಣಕ ಪರಿಷತ್ತು, ವಿನ್ಯಾಸ ಕೆ. ಪಿ. ರಾವ್ ಅವರದು, ನಿಮ್ಮ ನುಡಿ ಕೀಲಿಮಣೆಯೇ. ಒತ್ತಕ್ಷರಕ್ಕೆ ಎಫ್ ಒತ್ತುವ ಬೆರಳಿನ ಅಭ್ಯಾಸ ಬದಲಾಗಬೇಕಿಲ್ಲ. ಅಕ್ಷರದ ಬದಲು ಚೌಕ ಕಂಡರೆ ಗುಬ್ಬಿ, ನವಿಲು ಫಾಂಟುಗಳನ್ನು ಹಾಕಿಕೊಳ್ಳಿ.

ಪ್ರಿಂಟರ್. ಎಚ್‌ಪಿಯ ಬಹುಪಾಲು ಮಾದರಿಗಳು ಸಿಕ್ಕಿಸಿದ ಕೂಡಲೇ ನಡೆಯುತ್ತವೆ, ಕೆಲವಕ್ಕೆ ಒಂದು ಪ್ಲಗಿನ್ ಇಳಿಸಿಕೊಳ್ಳಬೇಕು. ಝೆರಾಕ್ಸ್ ಅಂಗಡಿಗಳ ನೆಚ್ಚಿನ ಕ್ಯಾನನ್ ಎಲ್‌ಬಿಪಿ 2900 ಮಾತ್ರ ತಲೆನೋವು. ಅದು ಕ್ಯಾಪ್ಟ್ ಎಂಬ ಕ್ಯಾನನ್ ಕಂಪನಿಯದೇ ಭಾಷೆ ಮಾತಾಡುತ್ತದೆ. ಲಿನಕ್ಸ್ ಡ್ರೈವರ್ ಇದೆ, ಹೊಸ ಸಿಸ್ಟಮ್‌ಗಳಲ್ಲಿ ಅದನ್ನು ಎಬ್ಬಿಸುವುದರೊಳಗೆ ಗಿರಾಕಿ ಪಕ್ಕದ ಅಂಗಡಿಗೆ ಹೋಗಿರುತ್ತಾನೆ. ಆ ಪ್ರಿಂಟರನ್ನೂ ಟ್ಯಾಲಿ ಯಂತ್ರಕ್ಕೇ ಜೋಡಿಸಿ.

ಆದರೆ ಗಿರಾಕಿಗಳ ಪೆನ್‌ಡ್ರೈವ್ ಸಿಕ್ಕಿಸುವ ಯಂತ್ರಕ್ಕೆ ಲಿನಕ್ಸೇ ಸರಿ, ಇದರಲ್ಲಿ ನನಗೆ ಅನುಮಾನವಿಲ್ಲ. ಶಾರ್ಟ್‌ಕಟ್ ವೈರಸ್ ನೋಡಿದ್ದೀರಲ್ಲ? ಅದು ಅಸಲಿ ಫೋಲ್ಡರ್‌ಗಳಿಗೆ ವಿಂಡೋಸ್‌ನ ‘ಹಿಡನ್’ ಗುರುತು ಹಚ್ಚಿ, ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ಫೋಲ್ಡರ್ ಅಂತ ಕ್ಲಿಕ್ ಮಾಡಿದರೆ ವೈರಸ್ ಓಡುತ್ತದೆ. ಲಿನಕ್ಸ್ ಆ ಗುರುತನ್ನು ಲೆಕ್ಕಕ್ಕೇ ಇಡುವುದಿಲ್ಲ, ಅದಕ್ಕೆ ಚುಕ್ಕೆಯಿಂದ ಶುರುವಾಗುವ ಹೆಸರಷ್ಟೇ ಗುಪ್ತ. ಹಾಗಾಗಿ ವಿದ್ಯಾರ್ಥಿಯ ಪ್ರಾಜೆಕ್ಟ್ ಫೋಲ್ಡರ್ ಎದುರಿಗೇ ಕಾಣುತ್ತದೆ. ಶಾರ್ಟ್‌ಕಟ್ ಸತ್ತ ಕಡತದಂತೆ ಬಿದ್ದಿರುತ್ತದೆ.

ಯಾವ ಲಿನಕ್ಸ್ ಅಂತ ಕೇಳುತ್ತೀರಿ. ಲಿನಕ್ಸ್‌ನಲ್ಲೇ ಹಲವು ಬಗೆಗಳಿವೆ, ನಾನು ಹೇಳುವುದು ಮಿಂಟ್ 22. 4 ಜಿಬಿ ರ್‍ಯಾಮ್ ಇದ್ದರೆ ಅದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ, 8 ಇದ್ದರೆ ಸಿನಮನ್ ಆವೃತ್ತಿ. ಬೆಂಬಲ 2029ರವರೆಗೆ. ಹಾರ್ಡ್‌ಡಿಸ್ಕ್ ಬದಲು 240 ಜಿಬಿ ಎಸ್‌ಎಸ್‌ಡಿ ಹಾಕಿಸಿ. ಲಿನಕ್ಸ್ ಹಾಕಿದ್ದಕ್ಕೆ ಸಿಸ್ಟಮ್ ಹಾರುತ್ತಿದೆ ಅನ್ನುವವರ ಖುಷಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಎಸ್‌ಎಸ್‌ಡಿಯದು. 8 ಜಿಬಿ ಪೆನ್‌ಡ್ರೈವಿಗೆ ರೂಫಸ್ ಎಂಬ ಸಾಫ್ಟ್‌ವೇರಿನಿಂದ ಮಿಂಟ್‌ನ ಐಎಸ್‌ಒ ಫೈಲ್ ಬರೆದು, ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ಲೈವ್ ಆಗಿ ಓಡಿಸಿ. ವೈಫೈ, ಧ್ವನಿ, ಪ್ರಿಂಟರ್, ಸ್ಕ್ಯಾನರ್ ನಾಲ್ಕನ್ನೂ ಅಲ್ಲೇ ಪರೀಕ್ಷಿಸಿ. ಅಲ್ಲಿ ಏಳದ ವೈಫೈ ಇನ್‌ಸ್ಟಾಲ್ ಆದಮೇಲೆ ತಾನಾಗಿ ಏಳುತ್ತದೆಂದು ನಂಬಬೇಡಿ.

ವಿಂಡೋಸ್, ಲಿನಕ್ಸ್ ಎರಡನ್ನೂ ಒಂದೇ ಯಂತ್ರದಲ್ಲಿ ಇಡುವವರು ಮೊದಲು ಬ್ಯಾಕಪ್ ತೆಗೆಯಿರಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ ಅದರ 48 ಅಂಕೆಗಳ ರಿಕವರಿ ಕೀ ಕಾಗದದ ಮೇಲೆ ಬರೆದಿಡಿ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟ್‌ಅಪ್ ಆಫ್ ಮಾಡಿ. ಅದಿದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಅರ್ಧ ನಿದ್ದೆಯಲ್ಲಿರುತ್ತದೆ, ಡಿ ಡ್ರೈವ್ ಲಿನಕ್ಸ್‌ನಲ್ಲಿ ಓದಲು ಮಾತ್ರ ತೆರೆಯುತ್ತದೆ, ಬರೆಯಲು ಬಿಡುವುದಿಲ್ಲ.

ಮಾರನೇ ದಿನ ವಿಂಡೋಸ್ ತೆರೆದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಹೋಗಿದ್ದರೆ ಮದರ್‌ಬೋರ್ಡಿನ ಸಿಮಾಸ್ ಬ್ಯಾಟರಿ ಬದಲಿಸಲು ಓಡಬೇಡಿ. ಲಿನಕ್ಸ್ ಮದರ್‌ಬೋರ್ಡಿನ ಗಡಿಯಾರದಲ್ಲಿ ಗ್ರೀನಿಚ್ ಕಾಲ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಕಾಲವೆಂದು ಓದುತ್ತದೆ. ಲಿನಕ್ಸ್ ಟರ್ಮಿನಲ್‌ನಲ್ಲಿ ಕೊಡುವ ಒಂದು ಸಾಲಿನ ಟೈಮ್‌ಡೇಟ್‌ಸಿಟಿಎಲ್ ಆಜ್ಞೆಗೆ ಇದು ಸರಿಹೋಗುತ್ತದೆ. ಆ ಸಾಲನ್ನು ಬೋರ್ಡಿನ ಮೇಲೆ ಬರೆದಿದ್ದೇನೆ, ಫೋಟೊ ತೆಗೆದುಕೊಳ್ಳಿ. ನುಡಿ ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ತಂದವರು ಮುಂದೆ ಬನ್ನಿ, ಈ ಲೈವ್ ಯಂತ್ರದಲ್ಲಿ ಒಂದೊಂದಾಗಿ ತೆರೆದು ನೋಡೋಣ.