ಹಲ್ಲಿನ ಡಾಕ್ಟರು ವಿಧಾನಸಭೆಗೆ ಹೋದ ದಾರಿ

ನಮಸ್ಕಾರ ಕೇಳುಗರೇ.

ಹಲ್ಲಿನ ಡಾಕ್ಟರೊಬ್ಬರು ಚುನಾವಣೆಗೆ ನಿಂತರೆ ಜನ ಸುಮ್ನೆ ಬಿಡುತ್ತಾರಾ? ಇಷ್ಟು ದಿನ ಬಾಯಿ ತೆರೆಸುತ್ತಿದ್ದವರು ಇನ್ಮೇಲೆ ಬಾಯಿ ಮುಚ್ಚಿಸುತ್ತಾರೆ ಅಂತ ಒಂದು ಜೋಕು ಗ್ಯಾರಂಟಿ. ಇವತ್ತು ಅಂಥ ಒಬ್ಬ ಡಾಕ್ಟರ ಕತೆ. ಹೆಸರು ಮೈಕ್ ಸಿಂಪ್ಸನ್, ಅಮೆರಿಕದ ಐಡಹೊ ರಾಜ್ಯದವರು.

ಐಡಹೊ ಅಂದರೆ ಆಲೂಗಡ್ಡೆ. ಅಲ್ಲಿನ ಬ್ಲ್ಯಾಕ್‌ಫುಟ್ ಅನ್ನೋ ಊರಿನಲ್ಲಿ ಆಲೂಗಡ್ಡೆಗೇ ಒಂದು ಮ್ಯೂಸಿಯಂ ಇದೆ. ಸುತ್ತ ಹೊಲ, ಮಧ್ಯೆ ಸುಮಾರು 12,000 ಜನರ ಊರು. ಸಿಂಪ್ಸನ್ ಬೆಳೆದದ್ದು ಇಲ್ಲೇ. ಸೇಂಟ್ ಲೂಯಿಸ್‌ನಲ್ಲಿ ದಂತವೈದ್ಯ ಓದಿ ವಾಪಸ್ ಬಂದು, ಅಪ್ಪ ಮತ್ತು ಅಪ್ಪನ ಸೋದರನ ಜೊತೆ ಮನೆತನದ ಕ್ಲಿನಿಕ್‌ನಲ್ಲೇ ಕೂತರು. 1980ರಲ್ಲಿ ಊರಿನ ಕೌನ್ಸಿಲ್‌ಗೆ ಆಯ್ಕೆಯಾದರು, 1984ರಲ್ಲಿ ರಾಜ್ಯದ ಕೆಳಮನೆಗೆ.

ಊರಿನ ಡಾಕ್ಟರಿಗೆ ಎಲ್ಲರ ಪರಿಚಯ ಇರುತ್ತದೆ, ಅದಕ್ಕೇ ಗೆದ್ದರು ಅಂತ ಹೇಳಿಬಿಡೋದು ಸುಲಭ. ಪರಿಚಯ ಅಂಗಡಿಯವರಿಗೂ ಇರುತ್ತದೆ, ಮೇಷ್ಟರಿಗೂ ಇರುತ್ತದೆ. ನನಗೆ ಮುಖ್ಯ ಅನ್ನಿಸೋದು ಬೇರೆ, ಅದು ಕ್ಯಾಲೆಂಡರ್. ಐಡಹೊದಲ್ಲಿ ಶಾಸಕಗಿರಿ ಪೂರ್ತಿ ಹೊತ್ತಿನ ಕೆಲಸ ಅಲ್ಲ. ಅಧಿವೇಶನ ಜನವರಿಯಲ್ಲಿ ಶುರುವಾಗಿ, ಸಾಮಾನ್ಯವಾಗಿ ಮಾರ್ಚ್ ಕೊನೆಗೋ ಏಪ್ರಿಲ್‌ಗೋ ಮುಗಿಯುತ್ತದೆ. ಹೊಲದಲ್ಲಿ ಹಿಮ ಬಿದ್ದಿರೋ ಕಾಲ, ರೈತ ಶಾಸಕರಿಗೂ ಆಗ ಪುರುಸೊತ್ತು. ಉಳಿದ ತಿಂಗಳು ಎಲ್ಲರೂ ಅವರವರ ಕಸುಬಿಗೆ ವಾಪಸ್. ಆದರೆ ಆ ಮೂರು ತಿಂಗಳೇ ಹಲ್ಲಿನ ಡಾಕ್ಟರಿಗೆ ಕಷ್ಟ. ರಾಜಧಾನಿ ಬಾಯ್ಸಿ ಇರೋದು ಸುಮಾರು 400 ಕಿಲೋಮೀಟರ್ ದೂರ, ಕ್ಲಿನಿಕ್‌ನ ಕುರ್ಚಿ ಖಾಲಿ ಬಿದ್ದರೆ ಆದಾಯ ನಿಲ್ಲುತ್ತದೆ, ಬಾಡಿಗೆ ಮತ್ತು ಸಿಬ್ಬಂದಿ ಸಂಬಳ ನಿಲ್ಲೋದಿಲ್ಲ, ಅರ್ಧಕ್ಕೆ ಬಿಟ್ಟ ರೂಟ್ ಕೆನಾಲ್ ಮುಂದಿನ ಅಧಿವೇಶನದವರೆಗೆ ಕಾಯೋದಿಲ್ಲ ಅಲ್ವಾ? ಒಬ್ಬರೇ ಕ್ಲಿನಿಕ್ ನಡೆಸೋ ಡಾಕ್ಟರಿಗೆ ಈ ದಾರಿ ಹೆಚ್ಚೂಕಮ್ಮಿ ಮುಚ್ಚಿದ ಹಾಗೇ. ಮನೆಯವರದೇ ಕ್ಲಿನಿಕ್ ಆದರೆ ಲೆಕ್ಕವೇ ಬೇರೆ.

1993ರಲ್ಲಿ ಸಿಂಪ್ಸನ್ ರಾಜ್ಯದ ಕೆಳಮನೆಯ ಸ್ಪೀಕರ್ ಆದರು, 1998ರವರೆಗೂ ಇದ್ದರು. ಆಮೇಲೆ ವಾಷಿಂಗ್ಟನ್, ಸಂಸತ್ತು. ಅಲ್ಲೂ ಅವರದು ಅವಸರವಿಲ್ಲದ ಕೆಲಸ. ಐಡಹೊದ ಬೆಟ್ಟಗಳಲ್ಲಿ 2,75,000 ಎಕರೆಯಷ್ಟು ಜಾಗವನ್ನು ರಕ್ಷಿತ ವನ್ಯಪ್ರದೇಶ ಮಾಡೋ ಮಸೂದೆಗೆ ಹತ್ತು ವರ್ಷಕ್ಕೂ ಜಾಸ್ತಿ ಓಡಾಡಿದರು, 2015ರಲ್ಲಿ ಅದು ಕಾನೂನಾಯಿತು. 2021ರಲ್ಲಂತೂ ಸಾಮನ್ ಮೀನು ಉಳಿಸಲು ಸ್ನೇಕ್ ನದಿಯ ನಾಲ್ಕು ಅಣೆಕಟ್ಟು ಒಡೆಯೋಣ ಅಂತ 33.5 ಶತಕೋಟಿ ಡಾಲರ್ ಯೋಜನೆ ಮುಂದಿಟ್ಟರು. ಅದೂ ರಿಪಬ್ಲಿಕನ್ ಪಕ್ಷದಲ್ಲಿದ್ದುಕೊಂಡು! ಸ್ವಂತ ಪಕ್ಷದವರೇ ತಿರುಗಿಬಿದ್ದರು. ಆದರೂ 2022ರಲ್ಲಿ ಮತ್ತೆ ಗೆದ್ದರು.

ನಮ್ಮ ದೇಶದಲ್ಲೂ ಒಬ್ಬರಿದ್ದಾರೆ. ತ್ರಿಪುರಾ ಮುಖ್ಯಮಂತ್ರಿ ಮಾಣಿಕ್ ಸಾಹಾ, ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸಕರು. ಅವರು ಹತ್ತಿದ ಮೆಟ್ಟಿಲು ಬೇರೆ. 2016ರಲ್ಲಿ ಬಿಜೆಪಿ ಸೇರಿದರು, 2020ರಲ್ಲಿ ರಾಜ್ಯಾಧ್ಯಕ್ಷರು, 2022ರ ಮೇ ತಿಂಗಳಲ್ಲಿ ಮುಖ್ಯಮಂತ್ರಿ. ಆಗ ಅವರು ಶಾಸಕರೇ ಆಗಿರಲಿಲ್ಲ, ಜೂನ್‌ನಲ್ಲಿ ಉಪಚುನಾವಣೆ ಗೆದ್ದು ಒಳಗೆ ಬಂದರು. ಮೂರು ತಿಂಗಳ ಅಧಿವೇಶನ, ಆಮೇಲೆ ಕ್ಲಿನಿಕ್ ಅನ್ನೋ ಅನುಕೂಲ ಇಲ್ಲಿ ಎಲ್ಲಿಂದ ಬರಬೇಕು? ಹಾಗಿದ್ದೂ 2023ರ ಜನವರಿಯಲ್ಲಿ, ತಾವು ಹಿಂದೆ ಪಾಠ ಮಾಡಿದ್ದ ಮೆಡಿಕಲ್ ಕಾಲೇಜಿಗೆ ಹೋಗಿ ಹತ್ತು ವರ್ಷದ ಹುಡುಗನೊಬ್ಬನ ಬಾಯಿಗೆ ಆಪರೇಷನ್ ಮಾಡಿ ಬಂದರು.

ನಮಸ್ಕಾರ.