ನೆಗಡಿಯನ್ನು ಎಳೆಯುವ ಭಾಷೆ, ನೆಗಡಿಯನ್ನು ಹಿಡಿಯುವ ಭಾಷೆ

ಎಲ್ಲರಿಗೂ ನಮಸ್ಕಾರ.

ನಾನು ಕೆಲವು ವರ್ಷ ಜಪಾನಿನ ಯೊಕೊಹಾಮಾದಲ್ಲಿ ದೊಡ್ಡವರಿಗೆ ದಿನಬಳಕೆಯ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಒಂದು ದಿನ ಒಬ್ಬರು ಲ್ಯಾಪ್‌ಟಾಪ್ ಚಾರ್ಜರ್ ಕೈಯಲ್ಲಿ ಹಿಡಿದು, ಗೋಡೆಯನ್ನೆಲ್ಲ ಹುಡುಕುತ್ತಾ, "ಕನ್ಸೆಂಟ್ ಎಲ್ಲಿದೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇಂಗ್ಲಿಷಿನಲ್ಲಿ ಕನ್ಸೆಂಟ್ ಅಂದರೆ ಒಪ್ಪಿಗೆ. ಜಪಾನಿಯಲ್ಲಿ 'ಕೊನ್ಸೆಂತೊ' ಅಂದರೆ ಗೋಡೆಯ ಪ್ಲಗ್ ಪಾಯಿಂಟು. ಹಿಂದೆ 'ಕಾನ್ಸೆಂಟ್ರಿಕ್ ಪ್ಲಗ್' ಎಂಬ ಹೆಸರಿತ್ತು. ಅದನ್ನೇ ಮೊಟಕು ಮಾಡಿಕೊಂಡರು.

ಇಂಥ ಪದಗಳನ್ನು ಅಲ್ಲಿ 'ವಾಸೇ ಎಇಗೊ' ಎನ್ನುತ್ತಾರೆ, ಜಪಾನಿನಲ್ಲೇ ತಯಾರಾದ ಇಂಗ್ಲಿಷ್ ಅಂತ. 'ಮನ್ಶೊನ್' ಅಂದರೆ ದೊಡ್ಡ ಬಂಗಲೆಯಲ್ಲ, ಅಪಾರ್ಟ್‌ಮೆಂಟಿನ ಫ್ಲ್ಯಾಟು. 'ಸುಮಾತೊ' ಅಂದರೆ ತೆಳ್ಳಗಿರುವವರು, ಬುದ್ಧಿವಂತರಲ್ಲ. 'ಕನ್ನಿಂಗು' ಅಂದರೆ ಪರೀಕ್ಷೆಯಲ್ಲಿ ಕಾಪಿ ಹೊಡೆಯುವುದು. ಬುಫೆ ಊಟಕ್ಕೆ 'ಬೈಕಿಂಗು' ಎನ್ನುತ್ತಾರೆ. 1958ರಲ್ಲಿ ಟೋಕಿಯೋದ ಇಂಪೀರಿಯಲ್ ಹೋಟೆಲು ಶುರುಮಾಡಿದ ಬುಫೆಗೆ ವೈಕಿಂಗ್ ಎಂದು ಹೆಸರಿಟ್ಟಿತ್ತು, ಅದೇ ದೇಶಕ್ಕೆಲ್ಲ ಹಬ್ಬಿತು. ಇನ್ನು 'ತೆನ್ಶೊನ್'. ಒಬ್ಬರಿಗೆ ತೆನ್ಶೊನ್ ಜಾಸ್ತಿ ಇದೆ ಅಂದರೆ ಅವರು ತುಂಬಾ ಹುರುಪಿನಲ್ಲಿದ್ದಾರೆ ಅಂತ ಅರ್ಥ. ನಾವು ಅದೇ ಪದವನ್ನು ಆತಂಕಕ್ಕೆ ಬಳಸುತ್ತೇವೆ, ಅಲ್ವಾ?

ಈ ಪದಗಳನ್ನು ತಪ್ಪು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅವು ಈಗ ಜಪಾನಿ ಪದಗಳೇ. ಆದರೆ ಕಲಿಯುವವರಿಗೆ ಕಾಲಿಗೆ ತೊಡರುವುದು ಇವೇ. ಗೊತ್ತಿಲ್ಲದ ಪದ ಬಂದರೆ ಡಿಕ್ಷನರಿ ತೆಗೆಯುತ್ತೇವೆ. ಗೊತ್ತಿದೆ ಅಂದುಕೊಂಡ ಪದಕ್ಕೆ ಯಾರು ತೆಗೆಯುತ್ತಾರೆ?

ಜಪಾನಿನ ಶಾಲೆ ಮಕ್ಕಳ ಚೀಲದಲ್ಲಿ 'ತಾಂಗೊಚೊ' ಎಂಬ ಸಣ್ಣ ಕಾರ್ಡುಗಳ ಗೊಂಚಲು ಇರುತ್ತದೆ. ಬೆರಳುದ್ದದ ಕಾರ್ಡುಗಳು, ಒಂದು ರಿಂಗಿಗೆ ಪೋಣಿಸಿರುತ್ತಾರೆ. ಮುಂದೆ ಇಂಗ್ಲಿಷ್ ಪದ, ಹಿಂದೆ ಒಂದು ಜಪಾನಿ ಅರ್ಥ. ಪ್ರವೇಶ ಪರೀಕ್ಷೆಗಾಗಿ ರೈಲಿನಲ್ಲಿ ನಿಂತುಕೊಂಡೇ ಸಾವಿರಾರು ಪದ ಬಾಯಿಪಾಠ ಮಾಡುತ್ತಾರೆ. ಆ ಶ್ರಮವನ್ನು ಹತ್ತಿರದಿಂದ ನೋಡಿದ್ದೇನೆ. ಜಪಾನಿಗಳಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಸುಮ್ನೆ ಹೇಳಿಬಿಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ನನ್ನ ತರಗತಿಯಲ್ಲಿ 'ಪೋಸ್ಟ್‌ಪೋನ್' ಎಲ್ಲರಿಗೂ ಗೊತ್ತಿತ್ತು. 'ಪುಟ್ ಆಫ್' ಅಂದಾಗ ಮಾತ್ರ ಮುಖ ಮುಖ ನೋಡಿಕೊಂಡರು. ಪುಟ್ ಗೊತ್ತು, ಆಫ್ ಗೊತ್ತು. ಎರಡೂ ಸೇರಿ ಮುಂದೂಡುವುದು ಹೇಗಾಯಿತು ಎಂಬುದು ಕಾರ್ಡಿನಲ್ಲಿ ಇಲ್ಲ.

ಪದ ಯಾವುದರ ಜೊತೆ ಸೇರುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ಮೂರು ಭಾಷೆಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ಜಪಾನಿಯಲ್ಲಿ 'ಕಾಜೆ ಒ ಹಿಕು' ಅಂದರೆ ನೆಗಡಿಯನ್ನು ಎಳೆದುಕೊಳ್ಳುವುದು. ಇಂಗ್ಲಿಷಿನವರು ನೆಗಡಿಯನ್ನು ಹಿಡಿಯುತ್ತಾರೆ. ಕನ್ನಡದಲ್ಲಿ ನೆಗಡಿಯೇ ಬಂದು ನಮ್ಮನ್ನು ಹಿಡಿಯುತ್ತದೆ. ಜಪಾನಿಗಳು ಮಾತ್ರೆಯನ್ನೂ 'ಕುಡಿಯುತ್ತಾರೆ', ಹಾಗಾಗಿ ನನ್ನ ವಿದ್ಯಾರ್ಥಿಗಳು 'ಡ್ರಿಂಕ್ ಮೆಡಿಸಿನ್' ಎನ್ನುತ್ತಿದ್ದರು. ಇಂಗ್ಲಿಷಿಗೆ ಅಲ್ಲಿ 'ಟೇಕ್' ಬೇಕು. ಕನಸಿನ ವಿಷಯದಲ್ಲಿ ಮಾತ್ರ ಅವರೂ ನಾವೂ ಒಂದೇ. 'ಯುಮೆ ಒ ಮಿರು', ಕನಸು ಕಾಣುವುದು. ಇಂಗ್ಲಿಷಿನವರಿಗೆ ಕನಸು 'ಇರುತ್ತದೆ', 'ಹ್ಯಾವ್ ಎ ಡ್ರೀಮ್'. ನೆಗಡಿಗೆ ಜಪಾನಿ ಪದ ಯಾವುದು ಎಂದು ತಿಳಿದರೆ ಕೆಲಸ ಮುಗಿಯುವುದಿಲ್ಲ. ಆ ಭಾಷೆಯವರು ನೆಗಡಿಯನ್ನು ಏನು ಮಾಡುತ್ತಾರೆ ಎಂದೂ ತಿಳಿಯಬೇಕು.

ಇದನ್ನು ಜಪಾನಿನವರು ನೂರು ವರ್ಷದ ಹಿಂದೆಯೇ ಕಂಡುಕೊಂಡಿದ್ದರು. ಸೈತೊ ಹಿದೆಸಬುರೊ ಎಂಬ ವಿದ್ವಾಂಸರು 1915ರಲ್ಲಿ ಇಂಗ್ಲಿಷ್ ನುಡಿಗಟ್ಟುಗಳಿಗೇ ಒತ್ತು ಕೊಟ್ಟ ಇಂಗ್ಲಿಷ್-ಜಪಾನಿ ನಿಘಂಟು ತಂದರು. ಆಮೇಲೆ, 1922ರಲ್ಲಿ ಇಂಗ್ಲಿಷ್ ಕಲಿಸುವ ವಿಧಾನಗಳ ತಜ್ಞ ಹೆರಾಲ್ಡ್ ಪಾಮರ್ ಇಂಗ್ಲೆಂಡಿನಿಂದ ಟೋಕಿಯೋಗೆ ಬಂದರು. 1924ರಲ್ಲಿ ಎ. ಎಸ್. ಹಾರ್ನ್‌ಬಿ ಕ್ಯೂಶೂ ದ್ವೀಪದ ಓಇತಾ ಊರಿಗೆ ಮೇಷ್ಟ್ರಾಗಿ ಬಂದರು. ಯಾವ ಪದದ ಜೊತೆ ಯಾವ ಪದ ಕೂರುತ್ತದೆ ಎಂದು ಇಬ್ಬರೂ ವರ್ಷಗಟ್ಟಲೆ ಗುಡ್ಡೆ ಹಾಕಿದರು. ಹಾರ್ನ್‌ಬಿ ಇಬ್ಬರು ಜೊತೆಗಾರರೊಂದಿಗೆ ಮಾಡಿದ ನಿಘಂಟು 1942ರಲ್ಲಿ, ಯುದ್ಧದ ನಡುವೆ, ಟೋಕಿಯೋದಲ್ಲಿ ಅಚ್ಚಾಯಿತು. 1948ರಲ್ಲಿ ಅದನ್ನೇ ಆಕ್ಸ್‌ಫರ್ಡ್ ಪ್ರೆಸ್ ಪ್ರಕಟಿಸಿತು. ಇವತ್ತು ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಎಂದು ನಮ್ಮ ಕಾಲೇಜುಗಳ ಲೈಬ್ರರಿಯಲ್ಲಿ ಸಿಗುತ್ತದಲ್ಲ, ಆ ಪುಸ್ತಕವೇ. ಜಪಾನಿ ಹುಡುಗರು ಎಲ್ಲೆಲ್ಲಿ ಎಡವುತ್ತಿದ್ದರು ಎಂದು ನೋಡಿ ನೋಡಿ ಮಾಡಿದ ನಿಘಂಟು ನಮ್ಮ ಮಕ್ಕಳ ಕೈಗೂ ಬಂತು. ಇದು ತಿಳಿದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಉಚ್ಚಾರದ ಬಗ್ಗೆ ಒಂದೇ ಮಾತು. ಜಪಾನಿಯಲ್ಲಿ ಪದ ವ್ಯಂಜನದಲ್ಲಿ ಮುಗಿಯುವುದು ಅಪರೂಪ. ಅದಕ್ಕೇ ಮೆಕ್‌ಡೊನಾಲ್ಡ್ಸ್ ಅಲ್ಲಿ 'ಮಕುದೊನರುದೊ'. ನಾವೂ ಬಸ್ಸು, ಬ್ಯಾಂಕು ಎನ್ನುವವರೇ, ಆದ್ದರಿಂದ ಇದು ನಮಗೆ ಬೇಗ ಅರ್ಥವಾಗುತ್ತದೆ.

ಈಗ ನುಡಿಗಟ್ಟುಗಳು. ಪಟ್ಟಿ ಮಾಡಿ ಬಾಯಿಪಾಠ ಮಾಡಿಸಿದರೆ ನಿಲ್ಲುವುದಿಲ್ಲ ಎಂದು ನನಗೆ ಮೊದಲ ವರ್ಷವೇ ಗೊತ್ತಾಯಿತು. ಅವರಿಗೆ ಈಗಾಗಲೇ ಇಷ್ಟವಿರುವ ಜಾಗದಿಂದ ಶುರುಮಾಡಬೇಕು. ಜಪಾನಿಗಳಿಗೆ ಬೇಸ್‌ಬಾಲ್ ಅಂದರೆ ಪ್ರಾಣ. ಇಂಗ್ಲಿಷಿನಲ್ಲಿ 'ಟೇಕ್ ಎ ರೈನ್ ಚೆಕ್' ಎಂಬ ಮಾತಿದೆ. ಅಮೆರಿಕದಲ್ಲಿ ಮಳೆ ಬಂದು ಆಟ ನಿಂತರೆ, ಇನ್ನೊಂದು ದಿನ ಬಂದು ನೋಡಲು ಚೀಟಿ ಕೊಡುತ್ತಿದ್ದರು. ಅದರಿಂದಲೇ, ಯಾರಾದರೂ ಊಟಕ್ಕೆ ಕರೆದಾಗ 'ಇವತ್ತು ಆಗಲ್ಲ, ಇನ್ನೊಮ್ಮೆ ಬರ್ತೀನಿ' ಎನ್ನಲು ಆ ಮಾತು ಬಂತು. ಮಳೆ, ಮೈದಾನ, ಚೀಟಿ ಕಣ್ಣಿಗೆ ಕಟ್ಟಿದ ಮೇಲೆ ಯಾರೂ ಅದನ್ನು ಮರೆಯಲಿಲ್ಲ. ಇನ್ನೊಂದು ಕಾರಣವೂ ಇತ್ತು. ಜಪಾನಿಗಳು ಮುಖದ ಮೇಲೆ ಇಲ್ಲ ಎನ್ನಲಾರರು. "ಚೊತ್ತೊ..." ಎಂದು ಎಳೆದು ಸುಮ್ಮನಾಗುತ್ತಾರೆ, 'ಸ್ವಲ್ಪ...' ಅನ್ನುವ ಹಾಗೆ. ಇಂಗ್ಲಿಷಿನವರು ನೇರವಾಗಿ ನೋ ಅಂದುಬಿಡುತ್ತಾರೆ ಎಂದು ನಂಬಿಕೊಂಡಿದ್ದವರಿಗೆ, ಅಲ್ಲೂ ಮೆತ್ತಗೆ ಬೇಡ ಎನ್ನುವ ದಾರಿ ಇದೆ ಎಂದು ತಿಳಿದು ಎಷ್ಟು ಹಗುರಾಯಿತು ಗೊತ್ತೇ?

ಮನೆಯಿಂದ ಹೊರಡುವಾಗ ಜಪಾನಿಗಳು 'ಇತ್ತೆ ಕಿಮಾಸು' ಎನ್ನುತ್ತಾರೆ. ಅಕ್ಷರಕ್ಕೆ ಅಕ್ಷರ ನಮ್ಮ 'ಹೋಗಿ ಬರ್ತೀನಿ'. ಒಳಗಿರುವವರು 'ಇತ್ತೆ ರಶ್ಶೈ' ಎನ್ನುತ್ತಾರೆ, 'ಹೋಗಿ ಬನ್ನಿ'. ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು ಎಂದು ವಯಸ್ಸಾದ ಒಬ್ಬ ಹೆಂಗಸು ವಾರಗಟ್ಟಲೆ ಕೇಳುತ್ತಿದ್ದರು. ಹೋಗುವುದು, ಬರುವುದು ಎರಡೂ ಇರುವ ಮಾತು ಅವರಿಗೆ ಬೇಕಿತ್ತು. ಇಂಗ್ಲಿಷಿನವರು ಆ ಹೊತ್ತಿಗೆ 'ಐಯಾಮ್ ಆಫ್' ಎನ್ನುತ್ತಾರೆ, ಅದರಲ್ಲಿ ಬರುವ ಮಾತಿಲ್ಲ ಎಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. ಮುಂದಿನ ವಾರ ತಮ್ಮ ಕಾರ್ಡಿನ ಗೊಂಚಲು ತಂದು ತೋರಿಸಿದರು. ಒಂದು ಕಾರ್ಡಿನ ಮುಂದೆ 'ಐಯಾಮ್ ಆಫ್' ಎಂದು ಬರೆದಿತ್ತು. ಹಿಂದೆ ಜಪಾನಿ ಅರ್ಥ ಬರೆದಿರಲಿಲ್ಲ. ಅರ್ಧ ತೆರೆದ ಒಂದು ಬಾಗಿಲು, ಹೊಸ್ತಿಲ ಬಳಿ ಒಂದು ಜೊತೆ ಶೂ, ಪೆನ್ಸಿಲಿನಲ್ಲಿ ಬರೆದ ಚಿತ್ರವಿತ್ತು.